ಐಸ್‌ಲೆಂಡಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ ಉಡುಗೊರೆ: ಬಟ್ಟೆ, ಬತ್ತಿ, ಪುಸ್ತಕ

೧

ಅಟ್ಲಾಂಟಿಕ್ ಮಹಾಸಮುದ್ರದ ಉತ್ತರಭಾಗದಲ್ಲಿರುವ ಐಸ್‌ಲೆಂಡ್ ದ್ವೀಪವು ಜನಸಂಖ್ಯೆಯಲ್ಲಿ ಅತ್ಯಲ್ಪವಾದರೂ ವಾಙ್ಮಯದಲ್ಲಿ ಸಂಪನ್ನವಾದ ದೇಶವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ದೇಶದಲ್ಲಿ ಕ್ರಿಸ್ಮಸ್ ಹಬ್ಬದ ಹಿಂದಿನ ರಾತ್ರಿ, ಎಂದರೆ ಡಿಸೆಂಬರ್ ೨೪ನೆಯ ತಾರೀಖಿನ ಸಂಜೆಯ ಊಟವಾದ ಮೇಲೆ, ಮನೆಯವರೆಲ್ಲರೂ ಒಬ್ಬರಿಗೊಬ್ಬರು ಉಡುಗೊರೆ ಕೊಡುವರು. ಆ ಉಡುಗೊರೆಗಳಲ್ಲಿ ಪುಸ್ತಕಕ್ಕೆ ವಿಶೇಷವಾದ ಸ್ಥಾನವುಂಟು. ಈ ಕಾರಣದಿಂದ ಹೊಸ ಪುಸ್ತಕಗಳಲ್ಲಿ ಬಹುಭಾಗವು ವರ್ಷದ ಕೊನೆಯ ಕೆಲವು ತಿಂಗಳುಗಳಲ್ಲಿಯೇ ರಾಶಿರಾಶಿಯಾಗಿ ಹೊರಬೀಳುತ್ತದೆ. ಇದಕ್ಕೆ ಆ ಜನರು ‘ಯೋಲಬೋಕಾಫ್ಲೋದ್’ ಎಂದು ಹೆಸರಿಟ್ಟಿರುವರು. ‘ಯೋಲ್’ ಎಂದರೆ ಕ್ರಿಸ್ಮಸ್, ‘ಬೋಕ್’ ಎಂದರೆ ಪುಸ್ತಕ, ‘ಫ್ಲೋದ್’ ಎಂದರೆ ಪ್ರವಾಹ.

ಈ ಪದ್ಧತಿಯ ಮೂಲದ ವಿಷಯದಲ್ಲಿ ಎರಡು ಬಗೆಯ ಮಾತುಗಳು ಪ್ರಚಾರದಲ್ಲಿವೆ. ಇದು ಅನಾದಿಕಾಲದಿಂದ ಬಂದ ಆಚಾರವೆಂಬುದು ಒಂದು. ಇದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಮಾನುಗಳ ಅಭಾವದಿಂದ ಹುಟ್ಟಿದ ವ್ಯಾಪಾರಸಂಗತಿಯೇ ಹೊರತು ಬೇರೇನೂ ಅಲ್ಲವೆಂಬುದು ಇನ್ನೊಂದು. ಮೊದಲನೆಯ ಮಾತಿಗೆ ಇತಿಹಾಸದ ಆಧಾರವಿಲ್ಲ. ಎರಡನೆಯದಕ್ಕೆ ಆಧಾರವಿದ್ದರೂ ಅದರಿಂದ ಪೂರ್ಣ ಸಮಾಧಾನವಾಗುವುದಿಲ್ಲ. ಆ ರಾತ್ರಿ ಮನೆಯೊಳಗೆ ಏನೇನು ಕೈಯಿಂದ ಕೈಗೆ ಬಂದಿತೆಂಬುದನ್ನು ಕಾಲಕ್ರಮದಲ್ಲಿ ಪರಿಶೀಲಿಸಿದರೆ ಈ ಎರಡು ಮಾತುಗಳ ತಾರತಮ್ಯವು ಗೊತ್ತಾಗುವುದು.

೨

‘ಯೋಲ್’ ಎಂಬ ಶಬ್ದವು ಕ್ರೈಸ್ತಮತಕ್ಕಿಂತ ಹಳೆಯದು. ಉತ್ತರದ ಜನರು ಚಳಿಗಾಲದ ನಡುವೆ ಆಚರಿಸುತ್ತಿದ್ದ ಹಬ್ಬಕ್ಕೆ ಅದು ಹೆಸರಾಗಿತ್ತು. ಹತ್ತನೆಯ ಶತಮಾನದಲ್ಲಿ ನಾರ್ವೆಯನ್ನು ಆಳಿದ ಹಾಕೋನ್ ರಾಜನು ಈ ಹಬ್ಬವನ್ನು ಕ್ರೈಸ್ತರ ಹಬ್ಬದ ಕಾಲಕ್ಕೇ ಆಚರಿಸಬೇಕೆಂದು ಕಟ್ಟುಮಾಡಿದನೆಂದು ‘ಹೈಮ್‌ಸ್ಕ್ರಿಂಗ್ಲ’ ಎಂಬ ರಾಜಚರಿತ್ರೆಯು ಹೇಳುತ್ತದೆ. ಕ್ರಿ. ಶ. ೧೦೦೦ದ ಸುಮಾರಿಗೆ ಐಸ್‌ಲೆಂಡಿನವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಹಳೆಯ ಹೆಸರು ಹೊಸ ಹಬ್ಬಕ್ಕೆ ನಿಂತಿತು.

ಹಬ್ಬದ ದಿನವು ಹಿಂದಿನ ಸಂಜೆಯಿಂದಲೇ ಮೊದಲಾಗುತ್ತದೆಂಬ ಹಳೆಯ ಚರ್ಚಿನ ಗಣನೆಯು ಅಲ್ಲಿ ಉಳಿದುಕೊಂಡಿದೆ. ೨೪ನೆಯ ತಾರೀಖು ಸಂಜೆ ಆರು ಗಂಟೆಗೆ ಚರ್ಚುಗಳಲ್ಲಿ ಗಂಟೆ ಬಾರಿಸುವುದೇ ಹಬ್ಬದ ಆರಂಭ. ಆದುದರಿಂದ ಹೊರಗಿನವರಿಗೆ ‘ಹಬ್ಬದ ಹಿಂದಿನ ರಾತ್ರಿ’ಯಾಗಿ ಕಾಣುವುದು ಆ ಜನರಿಗೆ ಹಬ್ಬದ ಮೊದಲನೆಯ ರಾತ್ರಿಯೇ ಆಗಿದೆ.

ಯೋಲ್ ಹಬ್ಬದ ಉಡುಗೊರೆಯ ಪ್ರಸ್ತಾಪವು ಪ್ರಾಚೀನ ಗ್ರಂಥಗಳಲ್ಲಿ ಇಲ್ಲದೆ ಇಲ್ಲ. ಹದಿಮೂರನೆಯ ಶತಮಾನದಲ್ಲಿ ರಚಿತವಾದ ‘ಎಗಿಲ್ ಸಾಗ’ವು ಹತ್ತನೆಯ ಶತಮಾನದ ಕವಿ ಎಗಿಲ್ ಸ್ಕಲ್ಲಗ್ರೀಮ್‌ಸನ್ನನ ಚರಿತ್ರೆ. ಸಾಗವೆಂದರೆ ಗದ್ಯದಲ್ಲಿರುವ ಪುರಾತನ ವೀರರ ಅಥವಾ ಮನೆತನಗಳ ಕಥೆ. ನಾರ್ವೆಯ ಸರದಾರನಾದ ಆರಿನ್‌ಬ್ಯೋರ್ನನು ತನ್ನ ಮನೆಗೆ ಬಂದಿದ್ದ ಮಿತ್ರನಾದ ಎಗಿಲನಿಗೆ ಯೋಲ್ ಉಡುಗೊರೆಯಾಗಿ ಜರಿಯ ಕೆಲಸದ, ಚಿನ್ನದ ಗುಂಡಿಗಳುಳ್ಳ ರೇಷ್ಮೆಯ ನಿಲುವಂಗಿಯನ್ನು ಕೊಟ್ಟನೆಂದೂ, ಕವಿಯು ಪ್ರತಿಯಾಗಿ ಪದ್ಯವನ್ನು ಹೇಳಿದನೆಂದೂ ಅದರಲ್ಲಿ ವರ್ಣಿತವಾಗಿದೆ. ಈ ಪ್ರಸಂಗದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಇದು ಒಡೆಯನು ತನ್ನ ಮನೆಗೆ ಬಂದವರಿಗೆ ತೋರಿದ ಔದಾರ್ಯ. ತಂದೆತಾಯಿಗಳು ಮಕ್ಕಳಿಗೆ ಕೊಟ್ಟ ಉಡುಗೊರೆಯಲ್ಲ. ಎರಡು, ಕೊಟ್ಟ ವಸ್ತುವು ಬಟ್ಟೆ. ‘ಉಡುಗೊರೆ’ ಎಂಬ ಮಾತಿನಲ್ಲಿಯೇ ಉಡುವುದರ ಧ್ವನಿಯನ್ನು ಕೇಳಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾಗಿ ತೋರದು. ಸಾಗಗಳ ಕಾಲದಿಂದಲೇ ಪುಸ್ತಕದಾನವು ನಡೆದುಬಂದಿತೆಂಬ ಮಾತಿಗಂತೂ ಇಲ್ಲಿ ಎಡೆಯಿಲ್ಲ.

೩

ಸರದಾರರ ಮನೆಯನ್ನು ಬಿಟ್ಟು ಸಾಮಾನ್ಯ ರೈತನ ಮನೆಗೆ ಬಂದರೆ ಚಿತ್ರವು ಬೇರೆಯಾಗುತ್ತದೆ. ಅಲ್ಲಿ ವರ್ಷದ ಉಡುಗೊರೆಯ ದಿನವು ಮೊದಲಿಗೆ ಕ್ರಿಸ್ಮಸ್ ಆಗಿರಲಿಲ್ಲ. ಏಪ್ರಿಲ್ ೧೯ರಿಂದ ೨೫ರೊಳಗೆ ಬರುವ ಗುರುವಾರವನ್ನು ಐಸ್‌ಲೆಂಡಿನವರು ‘ಬೇಸಗೆಯ ಮೊದಲನೆಯ ದಿನ’ವೆಂದು ಆಚರಿಸುವರು. ಆ ದಿನದ ‘ಬೇಸಗೆಯ ಉಡುಗೊರೆ’ಗಳು ಹದಿನಾರನೆಯ ಶತಮಾನದಿಂದಲೇ ತಿಳಿದುಬಂದಿವೆ. ಕ್ರಿಸ್ಮಸ್ ರಾತ್ರಿ ಮನೆಯವರು ಪರಸ್ಪರ ಉಡುಗೊರೆ ಕೊಡುವ ಪದ್ಧತಿಯು ಅದಕ್ಕಿಂತ ಬಹಳ ಈಚಿನದು.

ಆದರೆ ಕ್ರಿಸ್ಮಸ್ ರಾತ್ರಿ ಮನೆಯ ಯಜಮಾನನು ಬರಿಗೈಯಲ್ಲಿ ಇರುತ್ತಿರಲಿಲ್ಲ. ಮಕ್ಕಳು, ಆಳುಗಳು, ಆಶ್ರಿತರು ಎಂಬ ಭೇದವಿಲ್ಲದೆ ಮನೆಯಲ್ಲಿ ಉಣ್ಣುವ ಪ್ರತಿಯೊಬ್ಬರಿಗೂ ಒಂದು ಹೊಸ ಉಡುಪು, ಕುರಿಯ ಚರ್ಮದ ಒಂದು ಜೊತೆ ಕೆರ ದೊರೆಯಬೇಕೆಂಬುದು ವಾಡಿಕೆ. ಇದು ಪ್ರೀತಿಯ ಕಾಣಿಕೆಯಂತೆಯೇ ದುಡಿಮೆಯ ಫಲವೂ ಆಗಿತ್ತು. ಶರತ್ಕಾಲದಿಂದ ಮೊದಲ್ಗೊಂಡು ಇಡೀ ಮನೆಯು ಉಣ್ಣೆಯನ್ನು ನೂತು, ನೇಯ್ದು, ಹೆಣೆಯುತ್ತಿದ್ದಿತು. ಆ ಕೆಲಸವು ಕ್ರಿಸ್ಮಸ್ಸಿನೊಳಗೆ ಮುಗಿಯಬೇಕಾಗಿತ್ತು. ಹೊಸ ಬಟ್ಟೆ ದೊರೆಯದವನು ‘ಯೋಲ್ ಬೆಕ್ಕಿನ ಪಾಲಾದನು’ ಎಂಬರ್ಥದ ನುಡಿಗಟ್ಟು ಪ್ರಚಾರದಲ್ಲಿತ್ತು. ಈ ಭಯಂಕರ ಬೆಕ್ಕಿನ ವಿಷಯವಾಗಿ ಯೋಹಾನ್ನೆಸ್ ಊರ್ ಕೋತ್ಲುಮ್ ಎಂಬ ಕವಿಯು ಬರೆದ ಪದ್ಯವು ೧೯೩೨ರಲ್ಲಿ ಮಕ್ಕಳ ಪುಸ್ತಕವೊಂದರಲ್ಲಿ ಪ್ರಕಟವಾಗಿ ಮನೆಮಾತಾಯಿತು. ಬೆಕ್ಕಿನ ಹೆದರಿಕೆಯು ಮಕ್ಕಳಿಗೆ ಹೇಳಿದ್ದಾದರೂ ಅದರ ಹಿಂದಿರುವ ಧರ್ಮವು ದೊಡ್ಡವರಿಗೆ ಸಂಬಂಧಿಸಿದುದು. ಆ ರಾತ್ರಿ ಮನೆಯಲ್ಲಿ ಒಬ್ಬನಾದರೂ ಹೊಸ ಬಟ್ಟೆಯಿಲ್ಲದೆ ಉಳಿಯಬಾರದು.

ಬಟ್ಟೆಯ ಜೊತೆಗೆ ಕೊಡುತ್ತಿದ್ದ ಎರಡನೆಯ ವಸ್ತುವು ಬತ್ತಿ. ಡಿಸೆಂಬರ್ ತಿಂಗಳಲ್ಲಿ ರೇಕ್ಯವಿಕ್ ನಗರಕ್ಕೆ ಹಗಲಿನ ಬೆಳಕು ದೊರೆಯುವುದು ಸುಮಾರು ನಾಲ್ಕು ಗಂಟೆಗಳ ಕಾಲ ಮಾತ್ರ. ಮಿಕ್ಕ ಹೊತ್ತಿಗೆಲ್ಲ ಮೀನಿನ ಎಣ್ಣೆಯ ಮಂಕು ಹಣತೆಯೇ ಗತಿಯಾಗಿದ್ದ ಮನೆಗಳಲ್ಲಿ, ಪ್ರಾಣಿಯ ಕೊಬ್ಬಿನಿಂದ ಎರೆದ ಬತ್ತಿಯು ಅಪರೂಪದ ಪದಾರ್ಥ. ಹಬ್ಬದ ರಾತ್ರಿ ಪ್ರತಿಯೊಬ್ಬರಿಗೂ, ಮಗುವಿಗೂ ಕೂಡ, ತನ್ನದೇ ಆದ ಒಂದು ಬತ್ತಿ ದೊರೆಯುತ್ತಿದ್ದಿತು. ತನ್ನದೆಂದು ಹೇಳಿಕೊಳ್ಳಬಹುದಾದ ಬೆಳಕು ವರ್ಷದಲ್ಲಿ ಒಂದು ರಾತ್ರಿ ಪ್ರಾಪ್ತವಾಗುವುದು ಎಂತಹ ಸಂಭ್ರಮವೆಂಬುದನ್ನು ವಿದ್ಯುದ್ದೀಪದ ಕೆಳಗೆ ಓದುವವರು ಸುಲಭವಾಗಿ ಊಹಿಸಲಾರರು.

೪

ಬೆಳಕಿನಿಂದ ಓದಿಗೆ ಹೆಚ್ಚು ದೂರವಿಲ್ಲ. ಹುಲ್ಲುಹೆಂಟೆಗಳಿಂದ ಕಟ್ಟಿದ ಆ ಮನೆಗಳಲ್ಲಿ ಮಲಗುವುದಕ್ಕೂ ಕೆಲಸಕ್ಕೂ ಒಂದೇ ಕೋಣೆ. ಚಳಿಗಾಲದ ಸಂಜೆಗಳಲ್ಲಿ ಮನೆಯವರೆಲ್ಲರೂ ಅಲ್ಲಿ ಕುಳಿತು ಉಣ್ಣೆಯ ಕೆಲಸ ಮಾಡುತ್ತಿರುವಾಗ, ಒಬ್ಬನು ದೀಪದ ಬಳಿ ಕುಳಿತು ಸಾಗಗಳನ್ನು ಗಟ್ಟಿಯಾಗಿ ಓದುವನು. ಅಥವಾ ‘ರೀಮುರ್’ ಎಂಬ ಕಥನಕಾವ್ಯಗಳನ್ನು ರಾಗವಾಗಿ ಹೇಳುವನು. ಕೊನೆಯಲ್ಲಿ ದೇವರ ವಾಕ್ಯದ ಪಠನ. ಈ ಪದ್ಧತಿಗೆ ‘ಕ್ವೋಲ್ಡ್‌ವಾಕ’, ಎಂದರೆ ಸಂಜೆಯ ಜಾಗರಣೆ, ಎಂದು ಹೆಸರು. ನಮ್ಮ ನಾಡಿನ ಗಮಕವಾಚನವನ್ನು ಬಲ್ಲವರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾದುದಿಲ್ಲ. ಹಬ್ಬದ ಬಟ್ಟೆಯು ಸಿದ್ಧವಾಗುತ್ತಿದ್ದುದು ಹೀಗೆ ಗ್ರಂಥವನ್ನು ಕೇಳುತ್ತ ಕುಳಿತವರ ಕೈಯಲ್ಲಿಯೇ ಎಂಬುದನ್ನು ಮಾತ್ರ ಇಲ್ಲಿ ವಿಶೇಷವಾಗಿ ನೆನೆಯಬೇಕು.

ಅಚ್ಚಿನ ಪುಸ್ತಕಗಳಾದರೋ ಬಹುಕಾಲ ದುರ್ಲಭವಾಗಿದ್ದುವು. ಐಸ್‌ಲೆಂಡಿನ ಭಾಷೆಯ ಹೊಸ ಒಡಂಬಡಿಕೆಯು ೧೫೪೦ರಲ್ಲಿ ಡೆನ್ಮಾರ್ಕಿನಲ್ಲಿ ಅಚ್ಚಾಯಿತು. ೧೫೮೪ರಲ್ಲಿ ಬಿಷಪ್ ಗುದ್‌ಬ್ರಾಂಡುರ್ ಥೋರ್ಲಾಕ್‌ಸನ್ನನು ಹೋಲಾರ್ ಎಂಬಲ್ಲಿ ಸಂಪೂರ್ಣ ಬೈಬಲನ್ನು ಅಚ್ಚುಹಾಕಿಸಿದನು. ಪ್ರತಿಗಳು ಸುಮಾರು ೫೦೦. ದೇಶದ ಮುದ್ರಣವೆಲ್ಲವೂ ಬಹುಕಾಲ ಚರ್ಚಿನ ಕೈಯಲ್ಲಿದ್ದುದರಿಂದ ಅಚ್ಚಾದುದರಲ್ಲಿ ಹೆಚ್ಚಿನ ಭಾಗವು ಧರ್ಮಗ್ರಂಥಗಳೇ. ಲೌಕಿಕ ಗ್ರಂಥಗಳಿಗಾಗಿ ಖಾಸಗಿ ಮುದ್ರಣಾಲಯವು ಹ್ರಾಪ್ಸೆ ದ್ವೀಪದಲ್ಲಿ ಸ್ಥಾಪಿತವಾದುದು ೧೭೭೩ರಲ್ಲಿ. ಆದುದರಿಂದ ಸಾಗಗಳನ್ನು ಬಯಸಿದ ರೈತನು ಅವನ್ನು ಕೈಯಿಂದಲೇ ಪ್ರತಿಮಾಡಿಕೊಳ್ಳುತ್ತಿದ್ದನು. ಈ ಪ್ರತಿಮಾಡುವ ರೂಢಿಯು ಹತ್ತೊಂಬತ್ತನೆಯ ಶತಮಾನದಲ್ಲಿಯೂ ನಿಲ್ಲಲಿಲ್ಲ.

ಅಧಿಕಾರಿಗಳ ದೃಷ್ಟಿಯು ಈ ಓದಿಗೆ ಯಾವಾಗಲೂ ಅನುಕೂಲವಾಗಿರಲಿಲ್ಲ. ೧೭೪೧ರಿಂದ ೧೭೪೫ರವರೆಗೆ ಲುಡ್ವಿಗ್ ಹಾರ್ಬೋ ಎಂಬ ಡೇನಿಷ್ ಪಾದ್ರಿಯು ದ್ವೀಪದಲ್ಲಿ ಸಂಚರಿಸಿ ಜನರ ಅಕ್ಷರಜ್ಞಾನವನ್ನೂ ಮತಜ್ಞಾನವನ್ನೂ ಪರೀಕ್ಷಿಸಿದನು. ಅದರ ಫಲವಾಗಿ ೧೭೪೬ರಲ್ಲಿ ಹೊರಟ ಗೃಹಶಿಕ್ಷೆಯ ರಾಜಾಜ್ಞೆಯು, ಅನುಚಿತವಾದ ಕಥೆಗಳಿಂದಲೂ ರೀಮುರ್‌ಗಳಿಂದಲೂ ಜನರು ದೂರವಿರಬೇಕೆಂದು ಎಚ್ಚರಿಸಿತು. ಆದರೆ ದೇವರ ವಾಕ್ಯಕ್ಕಾಗಿ ಅಕ್ಷರ ಕಲಿತ ಮನೆಯು ಅದೇ ಅಕ್ಷರದಿಂದ ಸಾಗವನ್ನು ಓದುವುದನ್ನು ತಡೆಯುವುದು ಯಾವ ರಾಜಾಜ್ಞೆಗೂ ಸಾಧ್ಯವಾಗಲಿಲ್ಲ.

೫

ಈಗ ಇಪ್ಪತ್ತನೆಯ ಶತಮಾನಕ್ಕೆ ಬರೋಣ. ೧೯೪೦ನೆಯ ಏಪ್ರಿಲ್ ೯ರಂದು ಜರ್ಮನಿಯು ಡೆನ್ಮಾರ್ಕನ್ನು ಆಕ್ರಮಿಸಿತು. ಮೇ ೧೦ರಂದು ಬ್ರಿಟಿಷ್ ಸೈನ್ಯವು ಐಸ್‌ಲೆಂಡಿನಲ್ಲಿ ಇಳಿಯಿತು; ಮರುವರ್ಷ ಅಮೆರಿಕದ ಸೈನ್ಯವು ಬಂದಿತು. ಸೈನ್ಯಗಳ ಕೆಲಸದಿಂದ ಜನರ ಕೈಯಲ್ಲಿ ಹಣವು ಓಡಾಡತೊಡಗಿತು. ಆದರೆ ಹೊರದೇಶಗಳಿಂದ ಬರುವ ಸಾಮಾನುಗಳ ಮೇಲೆ ಬಿಗಿಯಾದ ಕಟ್ಟುಪಾಡುಗಳಿದ್ದುವು. ಕಾಗದದ ಮೇಲಿನ ನಿರ್ಬಂಧವು ಮಿಕ್ಕವುಗಳಷ್ಟು ಕಠಿನವಾಗಿರಲಿಲ್ಲ. ಹೀಗಾಗಿ ದೇಶದಲ್ಲಿಯೇ ಅಚ್ಚಾದ ಪುಸ್ತಕವು ಕ್ರಿಸ್ಮಸ್ ಉಡುಗೊರೆಗೆ ಸುಲಭವಾಗಿ ದೊರೆಯುವ ವಸ್ತುವಾಯಿತು. ೧೯೪೪ರಿಂದ ಮೊದಲ್ಗೊಂಡು ಪ್ರಕಾಶಕರು ಆ ವರ್ಷದ ಹೊಸ ಪುಸ್ತಕಗಳ ಪಟ್ಟಿಯನ್ನು ಒಟ್ಟಾಗಿ ಪ್ರಕಟಿಸತೊಡಗಿದರು. ಅದು ಬಹುಕಾಲ ಮನೆಮನೆಗೂ ಬಿಟ್ಟಿಯಾಗಿ ತಲಪುತ್ತಿದ್ದಿತು. ಆ ಪಟ್ಟಿಯನ್ನು ನೋಡಿ ಯಾರಿಗೆ ಯಾವ ಪುಸ್ತಕವೆಂದು ಗುರುತು ಹಾಕಿಕೊಳ್ಳುವುದು ಹಬ್ಬದ ಸಿದ್ಧತೆಯ ಒಂದು ಅಂಗವಾಯಿತು.

ಇಷ್ಟು ನಿಜ. ಆದರೆ ಇದೇ ವರ್ಷಗಳ ಬೇರೆ ಎರಡು ಘಟನೆಗಳನ್ನು ಮರೆಯಲಾಗದು. ೧೯೪೧ರಲ್ಲಿ ಕಾದಂಬರಿಕಾರ ಹಾಲ್ಡೋರ್ ಲಾಕ್ಸ್‌ನೆಸ್ಸನು ‘ಲಾಕ್ಸ್‌ದೈಲ ಸಾಗ’ವನ್ನು ಸಾಮಾನ್ಯ ಓದುಗರಿಗೆಂದು ಆಧುನಿಕ ಕಾಗುಣಿತದಲ್ಲಿ ಪ್ರಕಟಿಸಿದನು. ಪ್ರಾಚೀನ ಗ್ರಂಥಗಳನ್ನು ಹೀಗೆ ಮುದ್ರಿಸುವುದರ ಮೇಲೆ ದೇಶದ ಶಾಸನಸಭೆಯು ಕಾನೂನಿನಿಂದ ಕಟ್ಟುಹಾಕಿತು. ಲಾಕ್ಸ್‌ನೆಸ್ಸನೂ ಅವನ ಸಂಗಡಿಗರೂ ಅದನ್ನು ಮೀರಿ ಮತ್ತೊಂದು ಸಾಗವನ್ನು ಹೊರತಂದರು. ಮೊಕದ್ದಮೆಯು ನಡೆದು ೧೯೪೩ರಲ್ಲಿ ವರಿಷ್ಠ ನ್ಯಾಯಾಲಯವು ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಮರುವರ್ಷ, ೧೯೪೪ನೆಯ ಜೂನ್ ೧೭ರಂದು, ಸುಮಾರು ಒಂದೂಕಾಲು ಲಕ್ಷ ಜನರ ಆ ದೇಶವು ತಾನು ಗಣರಾಜ್ಯವೆಂದು ಘೋಷಿಸಿಕೊಂಡಿತು. ಹಳೆಯ ಕಥೆಯ ಕಾಗುಣಿತಕ್ಕಾಗಿ ಶಾಸನಸಭೆಯೂ ನ್ಯಾಯಾಲಯವೂ ಹೋರಾಡಿದ ದೇಶದಲ್ಲಿ, ಸ್ವಾತಂತ್ರ್ಯದ ವರ್ಷದಲ್ಲಿ, ಮನೆಮನೆಗೆ ಬಂದ ಪುಸ್ತಕಪಟ್ಟಿಯನ್ನು ಬರಿಯ ಅಂಗಡಿಯ ಜಾಹೀರಾತೆಂದು ತಿಳಿಯುವುದು ಸರಿಯಾಗಲಾರದು.

೬

ಮೇಲಿನ ಸಂಗತಿಗಳಿಂದ ನಿರ್ಣಯವು ಸ್ಪಷ್ಟವಾಗುತ್ತದೆ. ಕ್ರಿಸ್ಮಸ್ ರಾತ್ರಿಯ ಪುಸ್ತಕದ ಉಡುಗೊರೆಯು ದೇಶವ್ಯಾಪಿಯಾದ ಪದ್ಧತಿಯಾಗಿ ಬೆಳೆದುದು ಯುದ್ಧಕಾಲದಲ್ಲಿ. ‘ಯೋಲಬೋಕಾಫ್ಲೋದ್’ ಎಂಬ ಮಾತಿನಿಂದ ಐಸ್‌ಲೆಂಡಿನವರು ಮುಖ್ಯವಾಗಿ ಸೂಚಿಸುವುದೂ ಪ್ರಕಟನೆಯ ಆ ಭರಾಟೆಯನ್ನೇ ಹೊರತು, ಹೊರದೇಶದವರು ಭಾವಿಸುವಂತೆ ರಾತ್ರಿಯ ಒಂದು ಪುರಾತನ ವಿಧಿಯನ್ನಲ್ಲ. ಆದರೆ ಸಾಮಾನಿನ ಅಭಾವವು ಪುಸ್ತಕವು ಆ ಸ್ಥಾನಕ್ಕೆ ಹೇಗೆ ಬಂದಿತೆಂಬುದನ್ನು ವಿವರಿಸುವುದೇ ವಿನಾ, ಅಭಾವವು ತೀರಿ ಲೋಕದ ಸರಕೆಲ್ಲವೂ ರೇಕ್ಯವಿಕ್ಕಿನ ಅಂಗಡಿಗಳಿಗೆ ಬಂದ ಮೇಲೆಯೂ ಅದು ಅಲ್ಲಿಯೇ ಏಕೆ ನಿಂತಿತೆಂಬುದನ್ನು ವಿವರಿಸದು. ಅದಕ್ಕೆ ಕಾರಣವನ್ನು ಹಳೆಯ ಮನೆಯಲ್ಲಿಯೇ ಹುಡುಕಬೇಕು. ಆ ರಾತ್ರಿ ಯಜಮಾನನು ಕೊಡುತ್ತಿದ್ದುದು ವಿಲಾಸದ ವಸ್ತುವಲ್ಲ. ಚಳಿಯನ್ನು ಕಳೆಯಲು ಬಟ್ಟೆ, ಕತ್ತಲೆಯನ್ನು ಕಳೆಯಲು ಬತ್ತಿ. ಈ ಎರಡೂ ದುರ್ಲಭವಲ್ಲದ ಕಾಲ ಬಂದಾಗ, ಅದೇ ಚಳಿಯಲ್ಲಿ ಅದೇ ಕತ್ತಲೆಯಲ್ಲಿ ತಲೆಮಾರುಗಳಿಂದ ಜೊತೆಯಾಗಿದ್ದ ಮೂರನೆಯ ವಸ್ತುವು ಮುಂದೆ ಬಂದಿತು.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಒಂದು ಭಾಷೆಯ ಹೊಸ ಗ್ರಂಥಗಳ ಭಾಗ್ಯವೆಲ್ಲವೂ ವರ್ಷದ ಒಂದು ಋತುವನ್ನೇ ನೆಚ್ಚಿರುವುದು ಕ್ಷೇಮಕರವಲ್ಲ. ಆ ಪ್ರವಾಹದಲ್ಲಿ ಒಳ್ಳೆಯ ಪುಸ್ತಕವು ಯಾರ ಕಣ್ಣಿಗೂ ಬೀಳದೆ ಮುಳುಗಿಹೋಗಬಹುದು. ಈಗಲೂ ಜನಸಂಖ್ಯೆಯು ನಾಲ್ಕು ಲಕ್ಷವನ್ನು ಮುಟ್ಟದ ಆ ದೇಶದ ಸರಕಾರವು, ತನ್ನ ಭಾಷೆಯ ಪುಸ್ತಕಗಳ ಪ್ರಕಟನೆಯ ವೆಚ್ಚದಲ್ಲಿ ಶೇಕಡ ೨೫ರಷ್ಟನ್ನು ಹಿಂದಿರುಗಿಸುವ ಕಾನೂನನ್ನು ೨೦೧೯ರಿಂದ ಜಾರಿಗೆ ತಂದುದು, ಹಬ್ಬವೊಂದನ್ನೇ ನಂಬಿ ಸಾಹಿತ್ಯವು ಬಾಳಲಾರದೆಂಬುದಕ್ಕೆ ಸಾಕ್ಷಿಯಾಗಿದೆ. ಆದರೂ ಕಾನೂನು ಪ್ರಕಾಶಕನಿಗೆ ಹಣವನ್ನು ಕೊಡಬಲ್ಲುದೇ ಹೊರತು ಓದುಗನನ್ನು ಕೊಡಲಾರದು. ಓದುಗನು ಹುಟ್ಟುವುದು ಮನೆಯಲ್ಲಿ, ತಾಯಿಯೋ ಅಜ್ಜನೋ ಇದು ನಿನ್ನದು ಎಂದು ಕೈಗೆ ಕೊಟ್ಟ ಪುಸ್ತಕದಿಂದ. ಸಣ್ಣ ಭಾಷೆಯೊಂದರ ಆಯುಸ್ಸು ವರ್ಷಕ್ಕೊಮ್ಮೆ ಅಂತಹ ಕೈಗಳ ಮೂಲಕವೇ ಬೆಳೆಯುತ್ತಿದೆಯೆಂಬುದು ಈ ಪದ್ಧತಿಯ ಚರಿತ್ರೆಯಿಂದ ತಿಳಿಯಬರುವ ಮುಖ್ಯ ವಿಷಯವು.