ಪಿಕ್ಸೆಲ್ ಕಲೆ: ಶಾಲಾ ಬೋಧನೆಯಲ್ಲಿ

ಚೌಕಳಿಯ ಒಂದೊಂದು ಮನೆಗೆ ಒಂದೇ ಬಣ್ಣ ತುಂಬಿ ಮೂಡಿಸುವ ಚಿತ್ರವೇ ಪಿಕ್ಸೆಲ್ ಕಲೆ. ಇದನ್ನು ಗಣಿತ, ಚಿತ್ರಕಲೆ, ಮುಖ್ಯವಾಗಿ ಕಂಪ್ಯೂಟರ್ ವಿಜ್ಞಾನದ ಪಾಠಗಳಲ್ಲಿ ಬಳಸುತ್ತಾರೆ. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದರೆ ಸಾಕು, ಕಂಪ್ಯೂಟರ್ ಇರಲೇಬೇಕೆಂದಿಲ್ಲ.

ಹಿನ್ನೆಲೆ

1957ರಲ್ಲಿ ಅಮೆರಿಕದಲ್ಲಿ ರಸೆಲ್ ಕಿರ್ಶ್ ತಮ್ಮ ಮಗುವಿನ ಫೋಟೋವನ್ನು ಸ್ಕ್ಯಾನ್ ಮಾಡಿ 176×176 ಬಿಂದುಗಳ ಚಿತ್ರವಾಗಿಸಿದರು. 1984ರ ಮ್ಯಾಕಿಂಟಾಷ್‌ಗಾಗಿ ಸೂಸಾನ್ ಕೇರ್ 32×32 ಮನೆಗಳೊಳಗೆ ಐಕಾನ್‌ಗಳನ್ನು ರಚಿಸಿದರು. ತರಗತಿಯ ಮಟ್ಟಿಗೆ ಮಹತ್ವದ್ದೆಂದರೆ ಟಿಮ್ ಬೆಲ್, ಇಯಾನ್ ವಿಟನ್, ಮೈಕ್ ಫೆಲೋಸ್ 1990ರ ದಶಕದಲ್ಲಿ ರೂಪಿಸಿದ ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಚಟುವಟಿಕೆಗಳು.

ಸಾಲುಗಳ ಸಂಕೇತ

ಅನ್‌ಪ್ಲಗ್ಡ್ ಚಟುವಟಿಕೆಗಳಲ್ಲೊಂದು, ಚಿತ್ರವನ್ನು ಅಂಕಿಗಳಾಗಿ ಬರೆಯುವ ಪಾಠ. ಐದು ಮನೆಗಳ ಸಾಲಿನಲ್ಲಿ ಒಂದು ಬಿಳಿ, ಮೂರು ಕಪ್ಪು, ಒಂದು ಬಿಳಿ ಇದ್ದರೆ ಅದು 1, 3, 1. ಮೊದಲ ಅಂಕಿ ಯಾವಾಗಲೂ ಬಿಳಿಯದು. ಸಾಲು ಕಪ್ಪಿನಿಂದಲೇ ಆರಂಭವಾದರೆ ಮೊದಲಿಗೆ 0 ಬರೆಯಬೇಕು. ಪ್ರತಿ ಸಾಲಿನ ಮೊತ್ತ 5 ಆಗಲೇಬೇಕಾದ್ದರಿಂದ ತಪ್ಪು ಎಲ್ಲಿದೆಯೆಂದು ಮಕ್ಕಳೇ ಹುಡುಕಬಲ್ಲರು. ಒಬ್ಬರು ಅಂಕಿ ಓದಿ, ಇನ್ನೊಬ್ಬರು ಚಿತ್ರ ಬಿಡಿಸಿದರೆ ಸಂಕೇತ ಸರಿಯಿದೆಯೇ ಎಂಬುದೂ ತಿಳಿಯುತ್ತದೆ.

ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶವೊಂದಿದೆ: ಸಣ್ಣ ಚಿತ್ರದಲ್ಲಿ ಈ ವಿಧಾನ ಜಾಗ ಉಳಿಸುವುದಿಲ್ಲ. ಕಪ್ಪು ಬಿಳುಪಿನ ಐದು ಮನೆಗಳಿಗೆ ನೇರವಾಗಿ 5 ಬಿಟ್ ಸಾಕು. 0ರಿಂದ 5ರವರೆಗಿನ ಒಂದು ಅಂಕಿಗೆ 3 ಬಿಟ್ ಬೇಕಾದ್ದರಿಂದ 1, 3, 1 ಬರೆಯಲು 9 ಬಿಟ್ ತಗಲುತ್ತದೆ. ಲಾಭ ಕಾಣುವುದು ಒಂದೇ ಬಣ್ಣ ಉದ್ದಕ್ಕೆ ಹಬ್ಬಿದಾಗ. ಫ್ಯಾಕ್ಸ್ ಯಂತ್ರದ ಎ4 ಪುಟದ ಒಂದು ಸಾಲಿನಲ್ಲಿ 1728 ಬಿಂದುಗಳಿರುತ್ತವೆ. ಖಾಲಿ ಸಾಲನ್ನು ಒಂದೇ ಸಂಖ್ಯೆಯಲ್ಲಿ ಹೇಳಿಬಿಡಬಹುದು. ಅಲ್ಲಿಯೂ ಮೊದಲು ಬಿಳಿ, ಇಲ್ಲದಿದ್ದರೆ 0 ಎಂಬುದೇ ನಿಯಮ. ಎರಡೂ ಲೆಕ್ಕಗಳನ್ನು ಮಕ್ಕಳಿಂದಲೇ ಮಾಡಿಸಿದರೆ ಪಾಠ ಪೂರ್ಣವಾಗುತ್ತದೆ.

ಗಣಿತ

10×10 ಚೌಕಳಿಯಲ್ಲಿ ಒಂದು ಮನೆ ಶೇ. 1. ಸಮಮಿತಿ, ವಿಸ್ತೀರ್ಣ, ನಿರ್ದೇಶಾಂಕಗಳಿಗೂ ಇದೇ ಹಾಳೆ ಒದಗುತ್ತದೆ. ಉತ್ತರಕ್ಕೆ ತಕ್ಕ ಬಣ್ಣ ತುಂಬುವ ಸಿದ್ಧ ಹಾಳೆಗಳ ಉಪಯೋಗ ಬಹುಶಃ ಸೀಮಿತ: ಚಿತ್ರ ಅರ್ಧ ಮೂಡಿದ ಮೇಲೆ ಉಳಿದದ್ದನ್ನು ಲೆಕ್ಕ ಮಾಡದೆಯೇ ಊಹಿಸಬಹುದು.

ಕನ್ನಡ ಲಿಪಿ

ರೋಮನ್ ದೊಡ್ಡಕ್ಷರಗಳು 5×7 ಮನೆಗಳಲ್ಲಿ ಹಿಡಿಸುತ್ತವೆ. ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಇನ್ನಷ್ಟು ಸಾಲುಗಳು ಬೇಕು. ‘ಅ’ ಮತ್ತು ‘ಸ್ತ್ರೀ’ ಎರಡನ್ನೂ ಒಂದೇ ಅಳತೆಯ ಚೌಕಳಿಯಲ್ಲಿ ಕೂರಿಸುವ ಅಭ್ಯಾಸದಿಂದ, ಫಾಂಟ್ ರಚನೆಯಲ್ಲಿ ಎತ್ತರವನ್ನು ಮೊದಲೇ ನಿಗದಿಪಡಿಸಬೇಕಾದ ಕಾರಣ ತಿಳಿಯುತ್ತದೆ.

ಸಾಧನಗಳು

ಉಚಿತ ಸಂಪಾದಕ ಪಿಸ್ಕೆಲ್, ಸ್ಕ್ರ್ಯಾಚ್‌ನ ಚಿತ್ರ ಸಂಪಾದಕ, ಸ್ಪ್ರೆಡ್‌ಶೀಟ್ ಬಳಕೆಯಲ್ಲಿವೆ. 2016ರಿಂದ ಬ್ರಿಟನ್ನಿನ ಶಾಲಾಮಕ್ಕಳಿಗೆ ಹಂಚಲಾದ ಬಿಬಿಸಿ ಮೈಕ್ರೋಬಿಟ್ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ 5×5 ಎಲ್‌ಇಡಿ ಫಲಕವಿದೆ.