ಗೂಳಿ ಮತ್ತು ಕುದುರೆಯ ಪೈಪೋಟಿ

ಕುದುರೆ ಲಾಂಛನದ ಫೆರಾರಿ ಮತ್ತು ಗೂಳಿ ಲಾಂಛನದ ಲ್ಯಾಂಬೋರ್ಗಿನಿ ಇಟಲಿಯ ಒಂದೇ ಪ್ರಾಂತ್ಯದ ಕಾರು ಕಂಪೆನಿಗಳು. ಟ್ರ್ಯಾಕ್ಟರ್ ತಯಾರಕ ಫೆರುಚಿಯೊ ಲ್ಯಾಂಬೋರ್ಗಿನಿ 1963ರಲ್ಲಿ ಕಾರು ಉದ್ಯಮಕ್ಕೆ ಇಳಿದಾಗ ಇವುಗಳ ಪೈಪೋಟಿ ಆರಂಭವಾಯಿತು.

1966ರ ಜಿನೀವಾ ಪ್ರದರ್ಶನದಲ್ಲಿ ಲ್ಯಾಂಬೋರ್ಗಿನಿಯ ಮಿಯೂರಾ ನೋಡಿದವರು ಬೆರಗಾದರು. ಅದರ 12 ಸಿಲಿಂಡರುಗಳ ಎಂಜಿನ್ ಸೀಟುಗಳ ಹಿಂದೆ ಅಡ್ಡಲಾಗಿ ಕೂತಿತ್ತು. 1968ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಫೆರಾರಿ 365 ಜಿಟಿಬಿ/4, ಅಂದರೆ 'ಡೇಟೋನಾ', ಹಳೆಯ ಪದ್ಧತಿಯಂತೆ ಎಂಜಿನ್ನನ್ನು ಮುಂದೆಯೇ ಉಳಿಸಿಕೊಂಡಿತು. ಆದರೆ ಗೇರ್‌ಬಾಕ್ಸನ್ನು ಹಿಂದಿನ ಚಕ್ರಗಳ ಬಳಿ ಇಟ್ಟು ಭಾರವನ್ನು ಸರಿದೂಗಿಸಲಾಗಿತ್ತು.

ಗ್ರ್ಯಾಂಡ್ ಟೂರಿಂಗ್ ಎಂದರೆ ಇಬ್ಬರು ಸಾಮಾನು ಸಮೇತ ದೂರದ ಊರಿಗೆ ಆಯಾಸವಿಲ್ಲದೆ, ವೇಗವಾಗಿ ತಲುಪುವುದು. ಈ ದೃಷ್ಟಿಯಿಂದ ಡೇಟೋನಾದ್ದೇ ಮೇಲುಗೈ. ಮಿಯೂರಾದಲ್ಲಿ ಎಂಜಿನ್ನಿನ ಸದ್ದು, ಕಾವು ಎರಡೂ ಬೆನ್ನ ಹಿಂದೆಯೇ. ಆದರೂ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಮಿಯೂರಾಕ್ಕೆ. ಅದರ ಚೆಲುವು ಒಂದು ಕಾರಣವಾದರೆ, ವಿರಳತೆ ಇನ್ನೊಂದು. 1973ರವರೆಗೆ ತಯಾರಾದ ಮಿಯೂರಾಗಳು ಸುಮಾರು 760. ಡೇಟೋನಾಗಳು ಸುಮಾರು 1,400.

ಡೇಟೋನಾ ಕೊಳ್ಳುವವರು ಎಚ್ಚರದಿಂದಿರಬೇಕು. ತೆರೆದ ಮಾದರಿಯ 'ಸ್ಪೈಡರ್' ಕಾರ್ಖಾನೆಯಿಂದ ಹೊರಬಂದದ್ದು ಸುಮಾರು 120 ಮಾತ್ರ. ಬೆಲೆ ಏರಿದಾಗ ಮುಚ್ಚಿದ ಕಾರುಗಳ ಚಾವಣಿ ಕತ್ತರಿಸಿ ಸ್ಪೈಡರ್ ಮಾಡಿದವರುಂಟು. ಆದ್ದರಿಂದ ಹಣ ಕೊಡುವ ಮೊದಲು ಷಾಸಿ ಸಂಖ್ಯೆಯನ್ನು ಪರಿಶೀಲಿಸುವುದು ಲೇಸು.