ಊರು ಬದಲಾದರೆ ಅಂಗವಿಕಲರ ಆರೈಕೆಯ ವೆಚ್ಚ ಯಾರದು?

ಇಂಗ್ಲೆಂಡಿನಲ್ಲಿ ರೋಗಿಯ ಚಿಕಿತ್ಸೆಗೆ ರಾಷ್ಟ್ರೀಯ ಆರೋಗ್ಯ ಸೇವೆ ಇದೆ. ಆದರೆ ಅಂಗವಿಕಲರ ಸ್ನಾನ, ಊಟ, ಉಡುಪು, ಆಸರೆಯ ಮನೆ ಮುಂತಾದ ದೈನಂದಿನ ಆರೈಕೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದ್ದು. ವ್ಯಕ್ತಿಯ ಆದಾಯ, ಆಸ್ತಿಗಳನ್ನು ಪರಿಶೀಲಿಸಿ ಅವು ವೆಚ್ಚವನ್ನು ಭರಿಸಿಕೊಡುತ್ತವೆ. ಆತ ಒಂದು ಕೌನ್ಸಿಲ್‌ನ ಎಲ್ಲೆ ದಾಟಿ ಮತ್ತೊಂದರ ವ್ಯಾಪ್ತಿಗೆ ಹೋದಾಗ ಹಣ ತೆರಬೇಕಾದವರು ಯಾರೆಂಬ ಪ್ರಶ್ನೆ ಏಳುತ್ತದೆ.

ಕಾನೂನಿನ ಉತ್ತರ ಎರಡು ಪದಗಳಲ್ಲಿದೆ: 'ಸಾಮಾನ್ಯ ವಾಸ'. ವ್ಯಕ್ತಿಯ ಸಾಮಾನ್ಯ ವಾಸ ಎಲ್ಲಿಯೋ ಅಲ್ಲಿಯ ಕೌನ್ಸಿಲ್ ಹೊಣೆ. 1948ರ ರಾಷ್ಟ್ರೀಯ ನೆರವು ಕಾಯ್ದೆಯಲ್ಲಿಯೂ, ಅದರ ಸ್ಥಾನಕ್ಕೆ ಬಂದ 2014ರ ಆರೈಕೆ ಕಾಯ್ದೆಯಲ್ಲಿಯೂ ಈ ಪದಗಳಿಗೆ ವ್ಯಾಖ್ಯೆ ಇಲ್ಲ. ಸ್ವಇಚ್ಛೆಯಿಂದ, ನೆಲೆಗೊಂಡ ಉದ್ದೇಶದಿಂದ ಆಯ್ದುಕೊಂಡ ನೆಲೆಯೇ ಸಾಮಾನ್ಯ ವಾಸವೆಂದು 1983ರ ಶಾ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತ್ತು. ಆ ತೀರ್ಪು ಬಂದದ್ದು ವಿದ್ಯಾರ್ಥಿಗಳ ಶಿಕ್ಷಣ ಅನುದಾನದ ವಿಚಾರದಲ್ಲಿ. ಎಲ್ಲಿರಬೇಕೆಂದು ತಾನೇ ನಿರ್ಧರಿಸಲಾರದವನಿಗೆ 'ಸ್ವಇಚ್ಛೆ'ಯನ್ನು ಅನ್ವಯಿಸುವುದು ಹೇಗೆ?

ಈ ತೊಡಕು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಕಾರ್ನ್‌ವಾಲ್ ಪ್ರಕರಣದಲ್ಲಿ. ಮಾತು ಬಾರದ, ತೀವ್ರ ದೈಹಿಕ ಹಾಗೂ ಬೌದ್ಧಿಕ ವೈಕಲ್ಯವಿದ್ದ ಬಾಲಕನೊಬ್ಬನನ್ನು 1991ರಲ್ಲಿ ವಿಲ್ಟ್‌ಶೈರ್ ಕೌನ್ಸಿಲ್ ದಕ್ಷಿಣ ಗ್ಲಾಸ್ಟರ್‌ಶೈರ್ ಪ್ರದೇಶದ ಸಾಕು ತಂದೆತಾಯಿಯರ ಬಳಿ ಇರಿಸಿತು. ಅದೇ ವರ್ಷ ಹೆತ್ತವರು ಕಾರ್ನ್‌ವಾಲ್‌ಗೆ ಹೋಗಿ ನೆಲೆಸಿದರು. 2004ರಲ್ಲಿ ಆತನಿಗೆ 18 ತುಂಬಿತು. ಸಾಮರ್ಸೆಟ್ ಪ್ರದೇಶದ ಆರೈಕೆ ಗೃಹವೊಂದಕ್ಕೆ ಸ್ಥಳಾಂತರವಾಯಿತು. ಆತನಿಗೆ ನೆರವು ಸಲ್ಲಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಬಿಲ್ಲು ತಮ್ಮ ಮೇಜಿಗೆ ಬರಬಾರದು ಎಂಬುದಷ್ಟೇ ಎಲ್ಲರ ವಾದ.

ಹೆತ್ತವರಿರುವ ಕಾರ್ನ್‌ವಾಲ್ ಹೊಣೆಯೆಂದು ಆರೋಗ್ಯ ಸಚಿವರು ನಿರ್ಧರಿಸಿದರು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೇಲ್ಮನವಿ ನ್ಯಾಯಾಲಯವು 2014ರಲ್ಲಿ ದಕ್ಷಿಣ ಗ್ಲಾಸ್ಟರ್‌ಶೈರ್‌ನತ್ತ ಬೆರಳು ತೋರಿತು. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 4-1 ಬಹುಮತದಿಂದ ವಿಲ್ಟ್‌ಶೈರ್ ಹೊಣೆಯೆಂದಿತು. ಬಾಲಕ ಅಲ್ಲಿಂದ ಹೊರಟು ಎರಡು ದಶಕಗಳೇ ದಾಟಿದ್ದವು! ಒಂದು ಕೌನ್ಸಿಲ್ ತನ್ನ ಹೊಣೆಯ ವ್ಯಕ್ತಿಯನ್ನು ಇನ್ನೊಂದರ ಎಲ್ಲೆಯೊಳಗೆ ಇರಿಸಿ ವೆಚ್ಚವನ್ನೂ ಸಾಗಹಾಕುವಂತಾಗಬಾರದು. ಹಾಗಾದರೆ ಹೊರಗಿನವರನ್ನು ಸ್ವೀಕರಿಸಲು ಯಾವ ಕೌನ್ಸಿಲ್ ಮುಂದಾಗುತ್ತದೆ ಎಂಬುದು ಬಹುಮತದ ತರ್ಕ. ಭಿನ್ನಮತ ನೀಡಿದ ಲಾರ್ಡ್ ವಿಲ್ಸನ್ ಅವರ ದೃಷ್ಟಿ ಬೇರೆ: ಆತ ನಿಜವಾಗಿ ಬದುಕಿದ್ದು ಸಾಕುಮನೆಯಲ್ಲಿ. ಸಾಮಾನ್ಯ ಓದುಗನಿಗೆ ಈ ಮಾತೇ ಹೆಚ್ಚು ಸಹಜವೆನಿಸೀತು.

ವಯಸ್ಕರ ಮಟ್ಟಿಗೆ ಬಹುಮತದ ನೀತಿಯೇ ಈಗ ಕಾಯ್ದೆಯಲ್ಲಿದೆ. ಆರೈಕೆ ಗೃಹ, ಬೆಂಬಲಿತ ವಸತಿ ಅಥವಾ ಬೇರೊಂದು ಕುಟುಂಬದೊಡನೆ ವಾಸದಂಥ ನಿಗದಿತ ವ್ಯವಸ್ಥೆಯಲ್ಲಿ ಮಾತ್ರ ಪೂರೈಸಬಹುದಾದ ಅಗತ್ಯಕ್ಕಾಗಿ ವ್ಯಕ್ತಿಯನ್ನು ಬೇರೆ ಕಡೆ ಇರಿಸಿದರೂ ಮೊದಲಿನ ಕೌನ್ಸಿಲ್‌ನ ಹೊಣೆ ತಪ್ಪದು. ಮಾನಸಿಕ ಆರೋಗ್ಯ ಕಾಯ್ದೆಯ 117ನೇ ವಿಧಿಯ ನಂತರದ ಆರೈಕೆಗೆ ಲೆಕ್ಕವೇ ಬೇರೆ. ಅಲ್ಲಿ ಆಸ್ಪತ್ರೆಯಲ್ಲಿ ನಿರ್ಬಂಧಿಸುವ ಮುನ್ನ ಇದ್ದ ಊರೇ ಆಧಾರ. ಎರಡನೆಯ ಬಾರಿ ನಿರ್ಬಂಧಿತರಾದವರ ಹೊಣೆ ಹೊಸ ಊರಿನ ಸ್ವಿಂಡನ್ ಕೌನ್ಸಿಲ್‌ನದೆಂದು 2023ರ ವೋರ್ಸೆಸ್ಟರ್‌ಶೈರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಅಂಗವಿಕಲ ವ್ಯಕ್ತಿ ತಾನಾಗಿಯೇ ಮನೆ ಹುಡುಕಿ ಬೇರೆ ಊರಿಗೆ ಹೋಗಿ ನೆಲೆಸಿದರೆ ಹೊಣೆ ಸಾಮಾನ್ಯವಾಗಿ ಹೊಸ ಕೌನ್ಸಿಲ್‌ಗೆ ವರ್ಗವಾಗುತ್ತದೆ. ಆದರೆ ಹೋಗುವ ಉದ್ದೇಶವನ್ನು ಮುಂಚಿತವಾಗಿ ಅದಕ್ಕೆ ತಿಳಿಸಿರಬೇಕು. ಉದ್ದೇಶ ನಿಜವೆಂದು ಮನವರಿಕೆಯಾದರೆ ಅದು ಅಗತ್ಯಗಳ ಮೌಲ್ಯಮಾಪನ ನಡೆಸಬೇಕು. ಸ್ಥಳಾಂತರದ ದಿನಕ್ಕೆ ಅದು ಮುಗಿಯದಿದ್ದಲ್ಲಿ, ಮುಗಿಯುವವರೆಗೆ ಹಳೆಯ ಕೌನ್ಸಿಲ್ ಪೂರೈಸುತ್ತಿದ್ದ ಅಗತ್ಯಗಳನ್ನು ಹೊಸದೇ ಪೂರೈಸಬೇಕು. ಈ ಸೂಚನೆ ನೀಡದೆ ಗಂಟುಮೂಟೆ ಕಟ್ಟಿದವರಿಗೆ ಆ ರಕ್ಷಣೆ ದೊರೆಯುವುದು ಕಷ್ಟ.

ಕೌನ್ಸಿಲ್‌ಗಳ ನಡುವೆ ಒಪ್ಪಂದವಾಗದಿದ್ದರೆ ನಾಲ್ಕು ತಿಂಗಳೊಳಗೆ ವ್ಯಾಜ್ಯವನ್ನು ಸಚಿವರಿಗೆ ಒಪ್ಪಿಸಬೇಕು. ಜಗಳದ ನೆಪದಲ್ಲಿ ಆರೈಕೆ ತಡವಾಗಲೀ ನಿಲ್ಲಲೀ ಕೂಡದೆಂದು ನಿಯಮ ಸ್ಪಷ್ಟವಾಗಿ ವಿಧಿಸಿದೆ. ಸಚಿವರ ನಿರ್ಣಯದ ಮರುಪರಿಶೀಲನೆಗೆ ಮೂರು ತಿಂಗಳ ಅವಕಾಶವಿದೆ. ಆಮೇಲೆ ಉಳಿಯುವುದು ನ್ಯಾಯಾಲಯದ ದಾರಿ.